ನಾಲ್ಕನೆಯ ಗಂಟು

ಬಾಳೆ ಕೇಂದ್ರದ ವಸತಿಗೃಹ,
ಕಂಪಾಲಾ ಹೊರವಲಯ
ಆಗಸ್ಟ್ ೧೯, ಸೋಮವಾರ

ನಸ್ಸಾಲಿಯ ಅಪ್ಪನಿಗೆ,

ನಾಮುಡ್ಡು ಮಾಡುವ ನಮಸ್ಕಾರಗಳು. ಗಡಿಯಾಚೆ ಜೂಬಾದ ನೀರು, ಬಿಸಿಲು ನಿಮ್ಮ ಮೈಗೆ ಒಗ್ಗಿದೆ ಎಂದುಕೊಂಡಿದ್ದೇನೆ. ಕೆಮ್ಮು ಹೇಗಿದೆ? ಐದು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ತಪ್ಪು ನನ್ನದು. ಮಾರ್ಚಿನಲ್ಲಿ ನೀವು ಕಳಿಸಿದ ಅರೆದ ಎಳ್ಳಿನ ಡಬ್ಬ ತಲುಪಿದ್ದನ್ನೂ ತಿಳಿಸಲಿಲ್ಲ. ಅರ್ಧ ನಾನು ತಿಂದೆ, ಅರ್ಧವನ್ನು ತೋಟದ ಮೇಸ್ತ್ರಿ ಸಾಲೊಂಗೊನ ಮನೆಗೆ ಕೊಟ್ಟೆ. ಅವನ ಅವಳಿ ಮಕ್ಕಳು ಒಂದೇ ದಿನದಲ್ಲಿ ಬೆರಳಲ್ಲೇ ಬಳಿದು ಮುಗಿಸಿದವಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಫೋನಿನ ಮಾತು ನಿಮಗೇ ಗೊತ್ತು. ಊಟ ಆಯಿತಾ, ಆಯಿತು. ಮಳೆ ಬಂತಾ, ಬಂತು. ಆಮೇಲೆ ಇಬ್ಬರೂ ಸುಮ್ಮನೆ ಒಬ್ಬರ ಉಸಿರನ್ನೊಬ್ಬರು ಕೇಳುತ್ತಾ ಕೂರುತ್ತೇವೆ. ಇವತ್ತು ಹೇಳಬೇಕಾದದ್ದನ್ನು ಹಾಗೆ ಹೇಳಲು ನನ್ನಿಂದ ಆಗುವುದಿಲ್ಲ. ಲಾರಿಯ ಕಗ್ವಾ ಭಾನುವಾರ ಜೂಬಾಕ್ಕೆ ಹೊರಡುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ.

ನಿಮ್ಮ ಅಮ್ಮ ಗುರುವಾರ ಇಲ್ಲಿಗೆ ಬರುತ್ತಿದ್ದಾರೆ. ಪಕ್ಕದ ಮನೆಯವರ ಫೋನಿನಿಂದ ಅವರೇ ಮಾತಾಡಿದರು. ಸೊರಗು ರೋಗ ಬಂದು ತೋಟ ಪೂರ್ತಿ ಕಿತ್ತುಹಾಕಿ ಮೂರು ವರ್ಷವಾಗುತ್ತಾ ಬಂತು, ಮಣ್ಣು ಈಗ ಶುದ್ಧವಾಗಿದೆ, ಮತ್ತೆ ಬಾಳೆ ಹಾಕಬಹುದು ಎಂದು ಅಲ್ಲಿಯ ಕೃಷಿ ಅಧಿಕಾರಿ ಹೇಳಿದ್ದಾರಂತೆ. "ಮೊದಲನೇ ಗುಣಿ ತೋಡಿಸಿದೀನಿ, ನಸ್ಸಾಲಿಯ ಅಮ್ಮಾ. ಕೂಸಿನ ಸಮಾಧಿ ಪಕ್ಕದಲ್ಲೇ. ಅವಳ ಬಾಳೆಯಿಂದ ಒಂದು ಕಂದು ಕಿತ್ತಿಡು. ಎರಡು ಬೇಡ, ಒಂದೇ ಸಾಕು, ಟ್ಯಾಕ್ಸೀಲಿ ಹೊತ್ತು ತರೋಕೆ ನನಗೂ ವಯಸ್ಸಾಯ್ತು," ಎಂದರು. ಅವರ ದನಿಯಲ್ಲಿ ನಗು ಇತ್ತು. ನಮ್ಮ ಮಗಳು ಹೋದ ಮೇಲೆ ಆ ದನಿಯಲ್ಲಿ ನಾನು ನಗು ಕೇಳಿದ್ದು ಇದೇ ಮೊದಲು. ನಾನು ಆಗಲಿ ಅತ್ತೆ ಎಂದೆ.

ಸುತ್ತಿ ಬಳಸಿ ಏನು ಪ್ರಯೋಜನ, ಹೇಳಿಬಿಡುತ್ತೇನೆ. ನಮ್ಮ ಮಗಳ ಬಾಳೆ ಇಲ್ಲ. ಜೂನ್ ಮೂರರಂದು ಅದನ್ನು ಕಡಿದರು.

ನಿಮಗೆ ಸಿಟ್ಟು ಬಂದಿರಬಹುದು. ಕಾಗದವನ್ನು ಮಡಚಿ ಪಕ್ಕಕ್ಕಿಟ್ಟಿದ್ದರೂ ಇಟ್ಟಿರಬಹುದು. ಮತ್ತೆ ಕೈಗೆತ್ತಿಕೊಂಡಾಗ ಮುಂದಿನದನ್ನು ಓದಿ. ಕಡಿದವರು ಯಾರು, ಯಾಕೆ ಎಂದು ನಿಮಗೆ ಗೊತ್ತಾಗಬೇಕು.

ಆ ಬಾಳೆ ಇಲ್ಲಿಗೆ ಬಂದದ್ದೇ ನನ್ನಿಂದ. ನಸ್ಸಾಲಿಗೆ ಮೂರು ತುಂಬಿದ ವರ್ಷ, ಸೊರಗು ರೋಗ ನಿಮ್ಮ ಮಸಾಕಾದ ಕಡೆಗೆ ಬರುತ್ತಿದೆ ಎಂದು ಸುದ್ದಿಯಾದಾಗ, ನಿಮ್ಮ ಬೇಲಿ ಪಕ್ಕದ ಆ ನಲುಗೊ ಬಾಳೆಯಿಂದ ನಾನೇ ಒಂದು ಕಂದು ಕಿತ್ತು ತಂದೆ. ಅವಳು ಹುಟ್ಟಿದ ದಿನ ಅಮ್ಮ ಮಾಸನ್ನು ಹೂತದ್ದು ಅದೇ ಬುಡದಲ್ಲಿ. ಅದರ ಮೊದಲ ಗೊನೆಯನ್ನು ಯಾರಿಗೂ ಮುಟ್ಟಗೊಡದೆ ತಾವೊಬ್ಬರೇ ಬೇಯಿಸಿ ತಿಂದು, ಮೊಮ್ಮಗಳ ಋಣ ನನ್ನ ಹೊಟ್ಟೆಗೆ ಸೇರಿತು ಎಂದು ನಮ್ಮಿಬ್ಬರ ಮುಂದೆ ಹೊಟ್ಟೆ ಸವರಿಕೊಂಡಿದ್ದರು. ಕೇಂದ್ರದ ತೋಟದಲ್ಲಿ ಅದಕ್ಕೆ ಒಂಬತ್ತನೆಯ ಸಾಲಿನ ಹದಿನಾಲ್ಕನೆಯ ಗುಣಿ ಸಿಕ್ಕಿತು. ಇಲ್ಲಿದ್ದರೆ ಭಯವಿಲ್ಲ ಅತ್ತೆ, ಇಲ್ಲಿ ಕಾವಲಿದೆ, ಬೇಲಿಯಿದೆ, ಎಂದು ನಾನು ದೊಡ್ಡದಾಗಿ ಹೇಳಿದ್ದೆ. ಮುಂದಿನ ಜುಲೈನಲ್ಲಿ ಮೂರು ದಿನದ ಜ್ವರಕ್ಕೆ ಅವಳು ಹೋದಳು. ನಾಲ್ಕು ತಿಂಗಳಿಗೆ ರೋಗ ಬಂದು ಊರಿನ ತೋಟ ಹೋಯಿತು. ಉಳಿದದ್ದು ಇಲ್ಲಿಯ ಇದೊಂದೇ.

ಈ ವರ್ಷದ ಮೊದಲಲ್ಲಿ ನಮ್ಮ ನಿರ್ದೇಶಕರು ಡಾಕ್ಟರ್ ಬ್ಯಾರುಗಾಬಾ ಒಂದು ಸಭೆ ಕರೆದರು. ತೋಟದ ಅರ್ಧ ಜಾಗದಲ್ಲಿ ಹೊಸ ಪ್ರಯೋಗಾಲಯ ಏಳುತ್ತದೆ, ನೂರ ಹತ್ತು ತಳಿಗಳಲ್ಲಿ ಅರವತ್ತನ್ನು ಮಾತ್ರ ಉಳಿಸಿಕೊಳ್ಳಬಹುದು, ಮಿಕ್ಕದ್ದು ಹೋಗಬೇಕು. "ಒಂದೇ ತಳಿಗೆ ನಾಲ್ಕು ಊರಲ್ಲಿ ನಾಲ್ಕು ಹೆಸರಿರುತ್ತೆ. ಅಂಥ ನಕಲುಗಳನ್ನ ಹುಡುಕಿಕೊಡಿ, ನಾಮುಡ್ಡು. ಮೇ ಕೊನೆಗೆ ಪಟ್ಟಿ ನನ್ನ ಮೇಜಿನ ಮೇಲಿರಲಿ," ಎಂದರು. ಪಟ್ಟಿ ಮಾಡುವುದು ನನ್ನ ಕೆಲಸ. ನಾನು ಇಲ್ಲಿ ಸಂಬಳ ತಿನ್ನುವುದೇ ಅದಕ್ಕೆ.

ನನ್ನ ಕೆಲಸ ಏನೆಂದು ನಿಮಗೆ ಒಮ್ಮೆ ಅಡುಗೆಮನೆಯ ನೆಲದ ಮೇಲೆ ಹುರುಳಿ ಬೀಜ ಇಟ್ಟು ತೋರಿಸಿದ್ದೆ, ನೆನಪಿದೆಯೇ? ವಂಶವೃಕ್ಷದಲ್ಲಿ ಕೊಂಬೆ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಬಾಳೆಯ ಕಥೆ ಹಾಗಲ್ಲ. ಬೇರೆ ಬೇರೆ ಕಾಡುಬಾಳೆಗಳು ಯಾವ ಕಾಲದಲ್ಲೋ ಕೂಡಿ ಬೆರಕೆಯಾಗಿವೆ. ಅಲ್ಲಿ ಎರಡು ಕೊಂಬೆ ಬಂದು ಒಂದಾಗುವ ಗಂಟುಗಳಿರುತ್ತವೆ, ಮರ ಹೋಗಿ ಜಾಲವಾಗುತ್ತದೆ. ಅದನ್ನು ವಂಶಜಾಲ ಎನ್ನುತ್ತೇವೆ. ಎಲೆಯ ಡಿಎನ್‌ಎ ಓದಿ, ಯಾವ ಜಾಲ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ ಎಂದು ಪ್ರೋಗ್ರಾಂ ಲಕ್ಷಾಂತರ ಜಾಲಗಳನ್ನು ಕಟ್ಟಿ ಕೆಡವಿ ಹುಡುಕುತ್ತದೆ. ನೀವು ಆಗ, "ಇದಕ್ಕೆ ಕಂಪ್ಯೂಟರ್ ಬೇಕಾ? ನಮ್ಮಪ್ಪನ ಮೊಂಡುತನ, ನಮ್ಮಮ್ಮನ ಬಾಯಿ, ನಾನೇ ಒಂದು ಗಂಟು," ಎಂದು ನಕ್ಕಿದ್ದಿರಿ. ನಾನು ಗಂಟೆಂದು ಇಟ್ಟಿದ್ದ ಕೆಂಪು ಬೀಜವನ್ನು ನಸ್ಸಾಲಿ ಎತ್ತಿಕೊಂಡು ಓಡಿದಳು. ಎಷ್ಟು ಬೇಡಿದರೂ ಕೊಡಲಿಲ್ಲ. ಬಾಯಿಗೆ ಹಾಕಿಕೊಂಡಾಳೆಂದು ನೀವು ಅವಳ ಹಿಂದೆ ಅಂಗಳವೆಲ್ಲ ಓಡಿದಿರಿ.

ಆವತ್ತು ಒಂದು ವಿಷಯ ನಾನು ಹೇಳಿರಲಿಲ್ಲ. ಎಷ್ಟು ಗಂಟು ಎಂದು ಪ್ರೋಗ್ರಾಂ ತಾನಾಗಿ ಹೇಳುವುದಿಲ್ಲ, ನಾವು ಹೇಳಬೇಕು. ಗಂಟು ಹೆಚ್ಚಿಸಿದಷ್ಟೂ ಲೆಕ್ಕ ಚೆನ್ನಾಗುತ್ತಲೇ ಹೋಗುತ್ತದೆ. ಒಂದಕ್ಕಿಂತ ಎರಡು ಮೇಲು, ಎರಡಕ್ಕಿಂತ ಮೂರು ಮೇಲು. ಸುಮ್ಮನೆ ಬಿಟ್ಟರೆ ಎಲ್ಲರಿಗೂ ಎಲ್ಲರೂ ನೆಂಟರಾಗಿಬಿಡುತ್ತಾರೆ. ಆದ್ದರಿಂದ ಪ್ರೋಗ್ರಾಂ ಕೊಡುವ ಅಂಕಗಳ ಏರಿಕೆ ಎಲ್ಲಿ ಸುಸ್ತಾಗುತ್ತದೋ ಅಲ್ಲಿ ನಿಲ್ಲಿಸುವುದು ನಮ್ಮವರ ರೂಢಿ. ಒಂದೊಂದು ಗಂಟು ಹೆಚ್ಚಾದಾಗಲೂ ಯಂತ್ರಕ್ಕೆ ಹಿಡಿಯುವ ದಿನಗಳು ಎಷ್ಟೋ ಪಟ್ಟು ಬೆಳೆಯುತ್ತವೆ. ಎರಡು ಗಂಟಿಗೆ ಒಂದು ದಿನ, ಮೂರಕ್ಕೆ ಐದು ದಿನ ಹಿಡಿಯಿತು. ನಾಲ್ಕಕ್ಕೆ ಹದಿನೆಂಟು ದಿನ ಬೇಕಿತ್ತು. ಏಪ್ರಿಲ್‌ನಲ್ಲಿ ನಾಲ್ಕಕ್ಕೂ ಹಾಕಿದ್ದೆ. ಹನ್ನೊಂದನೆಯ ದಿನ ಕರೆಂಟು ಹೋಗಿ ಯಂತ್ರ ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಲು ಸಮಯವಿರಲಿಲ್ಲ. ಏರಿಕೆಯ ಗೆರೆ ಮೂರರಲ್ಲೇ ಮಲಗಿದಂತೆ ಕಾಣುತ್ತಿತ್ತು, ಮೂರೇ ಸಾಕು ಎಂದು ಪಟ್ಟಿ ಮಾಡಿದೆ. ಮೂರು ಗಂಟಿನ ಜಾಲದಲ್ಲಿ ನಲುಗೊ ಹೋಗಿ ನಾಕಿಟೆಂಬೆ ಎಂಬ ತಳಿಯ ಮೈಮೇಲೆಯೇ ಕೂತಿತು. ಎರಡೂ ಒಂದೇ ತಳಿ, ಒಂದು ನಕಲು. ನಾಕಿಟೆಂಬೆಯನ್ನು ಎಲ್ಲರೂ ಬಲ್ಲರು, ನಲುಗೊ ಹೆಸರನ್ನು ನಿಮ್ಮ ಊರಿನ ಆಚೆ ಯಾರೂ ಕೇಳಿಲ್ಲ. ಯಾವುದು ಹೋಗಬೇಕು ಎಂದು ಯೋಚಿಸುವ ಅಗತ್ಯವೂ ಇರಲಿಲ್ಲ.

ಕಡಿಯುವ ದಿನ ಸಾಲೊಂಗೊ ನನ್ನ ಕೋಣೆಯ ಬಾಗಿಲಿಗೆ ಬಂದ. ಕೈಯಲ್ಲಿ ಪಟ್ಟಿ.

"ಮೇಡಂ, ಒಂಬತ್ತನೇ ಸಾಲಿನ ಹದಿನಾಲ್ಕು. ಇದು ನಿಮ್ಮನೇದಲ್ವಾ?"

"ಪಟ್ಟಿಯಲ್ಲಿ ಇದೆಯಾ?"

"ಇದೆ."

"ಮತ್ತೆ ಕೇಳೋದೇನು?"

ಅವನು ಪಟ್ಟಿಯನ್ನು ಮಡಚಿದ. "ನಿಮ್ಮ ಈ ಕಂಪ್ಯೂಟರು ಒಂದು ದಿನ ನಾನೂ ನನ್ನ ಹೆಂಡ್ತೀನೂ ಒಂದೇ ಅಂತ ಹೇಳುತ್ತೆ, ಮೇಡಂ. ಆಗ ಯಾರನ್ನ ಕಡೀಬೇಕು ಅಂತ ಈಗ್ಲೇ ಹೇಳಿಬಿಡಿ, ಅವಳಿಗೆ ತಿಳಿಸ್ತೀನಿ," ಎಂದ. ನಾನು ನಗಲಿಲ್ಲ. ಅವನು ಹೋದ. ಅದೇ ವಾರದ ಸಭೆಯಲ್ಲಿ ಡಾಕ್ಟರ್ ಬ್ಯಾರುಗಾಬಾ ಎಲ್ಲರ ಮುಂದೆ, ನಾಮುಡ್ಡು ತನ್ನ ಮನೆಯ ಬಾಳೆಯನ್ನೂ ಬಿಡಲಿಲ್ಲ, ಕೆಲಸ ಎಂದರೆ ಹೀಗಿರಬೇಕು ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಜುಲೈನಲ್ಲಿ ಯಂತ್ರ ಬಿಡುವಾದಾಗ ನಾಲ್ಕು ಗಂಟಿಗೆ ಪೂರ್ತಿ ಓಡಿಸಿದೆ. ಹದಿನೆಂಟನೆಯ ದಿನ ಉತ್ತರ ಬಂತು. ಉಳಿದ ಎಲ್ಲ ತಳಿಗಳೂ ಇದ್ದಲ್ಲೇ ಇದ್ದವು. ನಾಲ್ಕನೆಯ ಗಂಟು ಬಿದ್ದದ್ದು ನಲುಗೊಗೆ. ನಾಕಿಟೆಂಬೆಯ ಪಕ್ಕದಿಂದ ಎದ್ದು ಅದು ದೂರ ಹೋಗಿ ಒಂಟಿಯಾಗಿ ನಿಂತಿತ್ತು. ಅದರ ಒಂದು ಕೊಂಬೆ, ಇಡೀ ತೋಟದಲ್ಲಿ ಬೇರೆ ಯಾವ ಬಾಳೆಗೂ ಇಲ್ಲದ ಒಂದು ಮೂಲಕ್ಕೆ ಹೋಗಿ ಸೇರುತ್ತಿತ್ತು. ನೂರ ಹತ್ತರಲ್ಲಿ ಯಾವುದಾದರೂ ಒಂದನ್ನು ಉಳಿಸಲೇಬೇಕು ಎಂದಿದ್ದರೆ ಇದನ್ನೇ ಉಳಿಸಬೇಕಿತ್ತು. ಡಾಕ್ಟರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿದರು. "ಎಲೆಪುಡಿ ಇದೆ ತಾನೇ?" ಎಂದರು. ಇದೆ, ಶೀತಪೆಟ್ಟಿಗೆಯಲ್ಲಿ ಮೂರು ಗ್ರಾಂ. ಅದರಿಂದ ಇನ್ನೂ ನೂರು ಸಲ ಜಾಲ ಕಟ್ಟಬಹುದು. ಗಿಡ ಬರುವುದಿಲ್ಲ.

ಇವತ್ತಿಗೆ ಇಷ್ಟು. ಕೈ ನೋಯುತ್ತಿದೆ.

ಬುಧವಾರ

ಸೋಮವಾರ ಬರೆದದ್ದನ್ನು ಓದಿಕೊಂಡೆ. ಒಣ ವರದಿಯ ಹಾಗಿದೆ, ಕ್ಷಮಿಸಿ. ಹಾಗೆ ಬರೆದೂ ಬರೆದೂ ಕೈ ಮರಗಟ್ಟಿಹೋಗಿದೆ.

ನಿನ್ನೆ ನನಗೆ ಒಂದು ಆಸೆ ಹುಟ್ಟಿತು. ನಮ್ಮ ಕೇಂದ್ರದ ಕೆಲಸಗಾರರ ವಿಷಯ ನಿಮಗೆ ಗೊತ್ತಲ್ಲ. ಕಡಿದು ಎಸೆಯಿರಿ ಎಂದರೆ ಎಸೆಯುವುದಿಲ್ಲ. ಒಳ್ಳೆಯ ಕಂದನ್ನು ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹಿತ್ತಲಿಗೆ ಒಯ್ಯುತ್ತಾರೆ. ನಿಯಮದ ಪ್ರಕಾರ ತಪ್ಪು, ಆದರೆ ಎಲ್ಲರಿಗೂ ಗೊತ್ತಿರುವ ತಪ್ಪು. ನಲುಗೊವಿನ ಬುಡದಲ್ಲಿ ಜೂನ್‌ನಲ್ಲಿ ಐದು ಕಂದುಗಳಿದ್ದವು. ಒಂದಾದರೂ ಯಾರ ಹಿತ್ತಲಿಗಾದರೂ ಹೋಗಿರಲೇಬೇಕು. ಈ ಯೋಚನೆ ನನಗೆ ಇಷ್ಟು ದಿನ ಯಾಕೆ ಬರಲಿಲ್ಲವೋ. ಬೆಳಿಗ್ಗೆ ಚಹಾ ಕೂಡ ಕುಡಿಯದೆ ಸಾಲೊಂಗೊನ ಮನೆಗೆ ಹೋದೆ.

ಹಿತ್ತಲಲ್ಲಿ ಏಳು ಎಳೆಯ ಬಾಳೆಗಳಿದ್ದವು. ನನ್ನನ್ನು ನೋಡಿ ಅವನ ಹೆಂಡತಿ ನಲೊಂಗೊ ಅವಕ್ಕೆ ಅಡ್ಡ ನಿಂತಳು. "ಕಡಿಯೋಕೆ ಬಂದ್ರಾ?" ಎಂದಳು. ಇಲ್ಲಮ್ಮಾ, ಕೇಳಿಕೊಂಡು ಹೋಗಲು ಬಂದೆ ಎಂದೆ. ಸಾಲೊಂಗೊ ತಲೆ ಕೆರೆದುಕೊಳ್ಳುತ್ತಾ ಒಂದೊಂದನ್ನೂ ತೋರಿಸಿದ. ಅದು ಮೂರನೇ ಸಾಲಿಂದು, ಇದು ಐದನೇ ಸಾಲಿಂದು, ಈ ಎರಡು ಹೋದ ವರ್ಷದ್ದು. ನನ್ನ ಪಟ್ಟಿಯಿಂದ ಸತ್ತವು ಅಲ್ಲಿ ಸೊಂಪಾಗಿ ಬೆಳೆಯುತ್ತಿದ್ದವು. ಉಳಿದ ಹಿತ್ತಲುಗಳಲ್ಲಿ ಇನ್ನೂ ಇವೆಯಂತೆ. ಐವತ್ತಕ್ಕೆ ನಲವತ್ತೊಂಬತ್ತನ್ನೂ ಹುಡುಕಿಕೊಡುತ್ತೇನೆ ಮೇಡಂ ಎಂದ.

"ಆ ಒಂದು?" ಎಂದೆ.

ಅವನು ಹೆಂಡತಿಯ ಮುಖ ನೋಡಿದ. "ಅದಕ್ಕೆ ನಾನು ಕೈ ಹಾಕಲಿಲ್ಲ ಮೇಡಂ. ಕೂಸಿನ ಬಾಳೆ ಅದು, ಹೊರಗಿನವರು ತಿನ್ನಬಾರದು. ನಮ್ಮನೇಲಿ ನೆಟ್ಟು, ನಾಳೆ ನನ್ನ ಮಕ್ಕಳು ಅದರ ಗೊನೆ ತಿಂದ್ರೆ ಏನು ಗತಿ? ಬೇರೆಯವರ ಕಣ್ಣು ಅದರ ಮೇಲೆ ಬೀಳಬಾರದು ಅಂತ ನಾನೇ ನಿಂತು ಬುಡಸಮೇತ ಅಗೆಸಿದೆ. ಗೆಡ್ಡೆ ಸೀಳಿ ಬಿಸಿಲಿಗೆ ಹಾಕಿದೆ. ಐದು ಕಂದೂ ಸೀಳಿದೆ. ಒಣಗಿದ ಮೇಲೆ ಸುಟ್ಟೆ. ಮರ್ಯಾದೆಯಿಂದ ಮಾಡಿದೀನಿ ಮೇಡಂ, ನೀವು ಯೋಚನೆ ಮಾಡ್ಬೇಡಿ."

ನಾನು ಯೋಚನೆ ಮಾಡಬಾರದೆಂದು ಅವನು ಆ ಕೆಲಸ ಮಾಡಿದ. ನಲವತ್ತೊಂಬತ್ತನ್ನು ಕದ್ದವರು ಒಂದನ್ನು ಮಾತ್ರ ಗೌರವದಿಂದ ಕೊಂದರು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಲ್ಲಿ ಏನಿದೆ ಹೇಳಿ? ನಲೊಂಗೊ ಒಳಗಿನಿಂದ ಸ್ಟೂಲು ತಂದು ಕೂರಿಸಿದಳು. ನಾನು ಅಲ್ಲೇ ಅತ್ತುಬಿಟ್ಟೆ. ಅವಳಿ ಮಕ್ಕಳು ಬಂದು ನೋಡುತ್ತಾ ನಿಂತವು.

ಆಮೇಲೆ ಒಂದು ನೀಚ ಕೆಲಸ ಮಾಡಿದೆ. ನೀವು ಯಾರ ಬಾಯಿಂದಲೋ ಕೇಳುವ ಬದಲು ನನ್ನಿಂದಲೇ ಕೇಳಿ. ಕೇಂದ್ರದ ತೋಟದಿಂದ ನಾಕಿಟೆಂಬೆಯ ಒಂದು ಒಳ್ಳೆಯ ಕಂದು ತೆಗೆಸಿ, ಬೇರು ಸವರಿ, ಒಣ ಪಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟಿದ್ದೇನೆ. ಪ್ರೋಗ್ರಾಮೇ ಎರಡನ್ನೂ ಒಂದು ಎಂದಿತ್ತಲ್ಲ. ಮುದುಕಿಯ ಕಣ್ಣಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆ. ಸಮಾಧಿಯ ಪಕ್ಕ ಒಂದು ಹಸಿರು ನಿಂತರೆ ಅವರಿಗೆ ಸಾಕಲ್ಲವೇ ಎಂದುಕೊಂಡೆ.

ಶುಕ್ರವಾರ

ಅಮ್ಮ ಬಂದು ಹೋದರು.

ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಟ್ಯಾಕ್ಸಿ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬಂದೆ. ಹಳದಿ ಗೋಮೆಸಿ ಉಟ್ಟಿದ್ದರು, ಹಬ್ಬಕ್ಕೆ ಹೊರಟವರ ಹಾಗೆ. ಕಂಕುಳಲ್ಲಿ ಒದ್ದೆ ಗೋಣಿಚೀಲ, ಅದರೊಳಗೆ ಕಂದನ್ನು ಸುತ್ತಲೆಂದು ತೊಗಟೆ ಬಟ್ಟೆಯ ಒಂದು ತುಂಡು. ಮಂಡಿಯೂರಿ ನಮಸ್ಕರಿಸಿದೆ. ಮನೆ, ಊರು, ಮಳೆ, ನೆರೆಹೊರೆ, ನಿಮ್ಮ ಕೆಮ್ಮು, ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿಕೊಂಡರು. ಒಂದು ಬುಟ್ಟಿ ಗೆಣಸು ತಂದಿದ್ದರು. "ಮೂರು ವರ್ಷದಿಂದ ಗೆಣಸು ತಿಂದೂ ತಿಂದೂ ನನ್ನ ಮುಖಾನೂ ಗೆಣಸಾಗಿದೆ ನೋಡು. ಹಲ್ಲು ಪೂರ್ತಿ ಬೀಳೋಕೆ ಮುಂಚೆ ನನ್ನ ತೋಟದ ಬಾಳೆಕಾಯಿ ಬೇಯಿಸಿ ಮಟೋಕೆ ತಿಂದು ಸಾಯ್ತೀನಿ," ಎಂದರು. ಮನೆಯೊಳಗೆ ಬರಲೇ ಇಲ್ಲ. ಜಗಲಿಯ ಮೇಲಿದ್ದ ಕಂದನ್ನು ನೋಡಿ ನೇರವಾಗಿ ಅದರ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತರು.

ಹೊರಗಿನ ಒಂದು ಪಟ್ಟೆ ಸುಲಿದರು. ಹೆಬ್ಬೆರಳಲ್ಲಿ ಒಳಮೈಯನ್ನು ತಿಕ್ಕಿದರು, ಮೂಸಿದರು. ಸುರುಳಿ ಬಿಚ್ಚದ ಎಲೆಯನ್ನು ಸ್ವಲ್ಪ ಬಿಡಿಸಿ ಬುಡ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇದು ನಾಕಿಟೆಂಬೆ," ಎಂದರು.

"ಅತ್ತೆ, ಪರೀಕ್ಷೆಯಲ್ಲಿ ಎರಡೂ ಒಂದೇ ಅಂತ ಬಂತು."

"ಒಂದೇ ಅಂದ್ರೆ? ನಾಕಿಟೆಂಬೆ ಬೆಂದ್ರೆ ಮುದ್ದೆ ಆಗುತ್ತೆ. ನಲುಗೊ ಎಷ್ಟು ಬೆಂದ್ರೂ ಸ್ವಲ್ಪ ಹಲ್ಲಿಗೆ ಸಿಗುತ್ತೆ. ಅದರ ಎಲೆ ಬುಡದಲ್ಲಿ ಕಪ್ಪು ಮಚ್ಚೆ ಒತ್ತೊತ್ತಾಗಿರುತ್ತೆ, ಇದರಲ್ಲಿ ಎಲ್ಲಿದೆ? ನಮ್ಮತ್ತೆ ಮದುವೆಯಾಗಿ ಬರುವಾಗ ಸರೋವರದ ಆಚೆ ದ್ವೀಪದಿಂದ ದೋಣೀಲಿ ತಂದದ್ದು ಅದು. ಇಲ್ಲಿನ ಬಾಳೆಗೂ ಅದಕ್ಕೂ ಏನು ಸಂಬಂಧ? ನಿನ್ನ ಕಂಪ್ಯೂಟರಿಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಲಿಲ್ಲ. ಯಾಕೆಂದರೆ ನಾನು ಕೇಳಿರಲಿಲ್ಲ. ಕೇಂದ್ರದ ದಾಖಲೆಯಲ್ಲಿ 'ಮೂಲ' ಎಂಬ ಜಾಗದಲ್ಲಿ ನಾನೇ ನನ್ನ ಕೈಯಾರೆ 'ಮಸಾಕಾ' ಎಂದು ಬರೆದಿದ್ದೆ. ದ್ವೀಪ ಎಂದು ಬರೆದಿದ್ದರೆ ಅದನ್ನು ನಕಲು ಎನ್ನುವ ಮುಂಚೆ ಯಾರಾದರೂ ಎರಡು ಸಲ ನೋಡುತ್ತಿದ್ದರು. ಹದಿನೆಂಟು ದಿನ ಯಂತ್ರ ಓಡಿಸಿ ನಾನು ಕಂಡದ್ದನ್ನು ಅಮ್ಮ ಹೆಬ್ಬೆರಳಲ್ಲಿ ತಿಕ್ಕಿ ಹೇಳಿದರು.

"ಕೂಸಿನ ಬಾಳೆ ಎಲ್ಲಿ?" ಎಂದರು.

"ಇಲ್ಲ ಅತ್ತೆ. ಜೂನ್‌ನಲ್ಲಿ ಹೋಯ್ತು."

"ರೋಗ ಬಂತಾ?"

"ಇಲ್ಲ. ಜಾಗ ಸಾಲದು ಅಂತ ಅರ್ಧ ತೋಟ ತೆಗೆದರು."

ಅಮ್ಮ ಸುಲಿದ ಪಟ್ಟೆಯನ್ನು ಮತ್ತೆ ಕಂದಿಗೆ ಸುತ್ತುತ್ತಾ ಕೂತಿದ್ದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಅವರು ಕಡಿದ್ರಾ, ನೀನು ಕಡಿಸಿದ್ಯಾ?"

ಏಪ್ರಿಲ್‌ನಲ್ಲಿ ಕರೆಂಟು ಹೋಗಿತ್ತು ಅತ್ತೆ ಎಂದೆ. ಲೆಕ್ಕ ಅರ್ಧಕ್ಕೇ ನಿಂತುಹೋಯಿತು ಎಂದೆ. ನನ್ನ ಬಾಯಿಗೆ ಬಂದದ್ದು ಅಷ್ಟೇ.

"ಕರೆಂಟು," ಎಂದರು ಅಮ್ಮ.

ಅವರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಮಟೋಕೆ ಬೇಯಿಸಿ, ಕಡಲೆಕಾಯಿ ಗೊಜ್ಜು ಮಾಡಿ ಎಲೆಯಲ್ಲಿ ಮುಚ್ಚಿಟ್ಟಿದ್ದೆ. ಹಸಿವಿಲ್ಲ ಎಂದರು, ನೀರು ಕುಡಿದರು. ತೊಗಟೆ ಬಟ್ಟೆಯನ್ನು ನಾಲ್ಕಾಗಿ ಮಡಚಿ ಗೋಣಿಚೀಲದೊಳಗಿಟ್ಟು ಎದ್ದರು. ಈ ರಾತ್ರಿ ಇದ್ದು ಹೋಗಿ ಎಂದರೆ, "ಗುಣಿ ತೆರೆದು ಬಂದಿದೀನಿ. ಮುಚ್ಚಿಸ್ಬೇಕು. ಕರುಗಿರು ಕಾಲು ಮುರ್ಕೊಂಡೀತು," ಎಂದರು. ನಿಲ್ದಾಣದವರೆಗೂ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದರು. ಟ್ಯಾಕ್ಸಿ ಹತ್ತಿದ ಮೇಲೆ ಕಿಟಕಿಯಿಂದ ಒಂದೇ ಮಾತು: "ಆ ಕಂದು ಬಿಸಿಲಲ್ಲಿದೆ. ಯಾರಿಗಾದ್ರೂ ಕೊಡು. ಬೇರೆಯವರ ಮಗು ಅದು, ಅದೇನು ತಪ್ಪು ಮಾಡಿದೆ?"

ನನ್ನನ್ನು ಎಂದಿನಂತೆ ನಸ್ಸಾಲಿಯ ಅಮ್ಮಾ ಎಂದು ಕರೆಯಲಿಲ್ಲ. ನಾನು ಗಮನಿಸಿದೆ.

ಕಂದು ಇನ್ನೂ ಜಗಲಿಯ ಮೇಲೇ ಇದೆ. ನೆಡಲು ನನಗೆ ಮನಸ್ಸಿಲ್ಲ, ಎಸೆಯಲೂ ಧೈರ್ಯವಿಲ್ಲ. ನಾಳೆ ಸಾಲೊಂಗೊನಿಗೆ ಕೊಡುತ್ತೇನೆ.

ನಿಮ್ಮ ಹತ್ತಿರ ಏನು ಕೇಳಲಿ? ಸಿಗುವ ರಜೆಯಲ್ಲಿ ಇಲ್ಲಿಗೆ ಬರುವುದು ಬೇಡ, ಅಮ್ಮನ ಹತ್ತಿರ ಹೋಗಿ. ಅವರ ಪಕ್ಕದಲ್ಲಿ ಕೂತು ಬನ್ನಿ. ಗುಣಿಯನ್ನು ಅವರು ಮುಚ್ಚಿಸಿದ್ದರೆ ಆಯಿತು, ಇಲ್ಲದಿದ್ದರೆ ನೀವು ಮುಚ್ಚಿ. ನಾವಿಬ್ಬರೂ ಒಂದೇ ಸೂರಿನ ಕೆಳಗೆ ಮತ್ತೆ ಇರುತ್ತೇವೆಯೇ ಎಂದು ನೀವು ಕೇಳಿದ್ದಿರಿ, ಎಳ್ಳಿನ ಡಬ್ಬದ ಜೊತೆ ಬಂದ ಮಾರ್ಚಿನ ಕಾಗದದಲ್ಲಿ. ಇದನ್ನು ಓದಿದ ಮೇಲೂ ಆ ಪ್ರಶ್ನೆ ನಿಮ್ಮಲ್ಲಿ ಉಳಿದಿದ್ದರೆ ಮತ್ತೊಮ್ಮೆ ಕೇಳಿ. ಉಳಿಯಲಾರದು ಎಂದು ನನಗೆ ಗೊತ್ತು.

ಬಿಸಿಲಲ್ಲಿ ಟೋಪಿ ಹಾಕಿಕೊಳ್ಳಿ. ಕುದಿಸಿದ ನೀರು ಕುಡಿಯಿರಿ. ಹೋದ ದಾರಿಯಲ್ಲೆಲ್ಲ ದೇವರ ಕೈ ನಿಮ್ಮ ತಲೆಯ ಮೇಲಿರಲಿ. ನಿಮ್ಮ ಕೈಯಿಂದ ಯಾರಿಗೂ ನೋವಾಗದಿರಲಿ.

ಇಂತು,
ನಾಮುಡ್ಡು

ತಾ.ಕ. ಶನಿವಾರ. ಕಗ್ವಾ ಕಾಗದಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಚಹಾ ಕೊಟ್ಟು ಕೂರಿಸಿದ್ದೇನೆ. ಹೀಗೇ ಅಂಟಿಸಿ ಕೊಡಲು ಕೈ ಬರಲಿಲ್ಲ.

ಏಪ್ರಿಲ್‌ನಲ್ಲಿ ಕರೆಂಟು ಹೋಗಲಿಲ್ಲ. ಡಾಕ್ಟರಿಗೆ ಹಾಗೆ ಹೇಳಿದೆ, ಅಮ್ಮನಿಗೆ ಹಾಗೆ ಹೇಳಿದೆ, ನಿಮಗೂ ಸೋಮವಾರ ಹಾಗೇ ಬರೆದೆ. ಪ್ರೋಗ್ರಾಂ ಮುಗಿಯುವವರೆಗೆ ಕಾಯಬೇಕಾಗಿಲ್ಲ, ಅಲ್ಲಿಯತನಕ ಸಿಕ್ಕಿದ ಒಳ್ಳೆಯ ಜಾಲವನ್ನು ಅದು ದಿನಾ ಬೆಳಿಗ್ಗೆ ಬರೆದಿಡುತ್ತದೆ. ಹನ್ನೊಂದನೆಯ ಬೆಳಿಗ್ಗೆ ತೆಗೆದು ನೋಡಿದೆ. ನಾಲ್ಕನೆಯ ಗಂಟು ಆಗಲೇ ನಲುಗೊವಿನ ಮೇಲೆ ಬಿದ್ದಿತ್ತು. ನಾನು ನೋಡಿದೆ. ನೋಡಿ, ನನ್ನ ಕೈಯಾರೆ ಯಂತ್ರವನ್ನು ನಿಲ್ಲಿಸಿದೆ.

ಯಾಕೆಂದರೆ ನಾನು ದಿನಾ ಆಫೀಸಿಗೆ ಹೋಗುವುದು ಒಂಬತ್ತನೆಯ ಸಾಲಿನ ಪಕ್ಕದಲ್ಲಿ. ಅವಳು ಹೋದ ಮೇಲೂ ಅದು ಮೂರು ಸಲ ಗೊನೆ ಹಾಕಿತು. ಪ್ರತಿ ತಿಂಗಳೂ ಸಾಲೊಂಗೊ ಅದರ ಎತ್ತರ ಅಳೆದು ಹಲಗೆಯ ಮೇಲೆ ಬರೆಯುತ್ತಿದ್ದ. ಮೊದಲು ಅವಳ ಭುಜಕ್ಕೆ ಬರುವಷ್ಟಿತ್ತು, ಆಮೇಲೆ ಅವಳ ತಲೆಯಷ್ಟಾಯಿತು, ಆಮೇಲೆ ನನ್ನ ತಲೆ ದಾಟಿತು. ಒಂದು ತಾಯಿ ಬಾಳೆ ಕಡಿದರೆ ಐದು ಕಂದು ಏಳುತ್ತಿದ್ದವು. ಅವಳು ನಾಲ್ಕು ವರ್ಷಕ್ಕೇ ನಿಂತಳು, ಅದು ನಿಲ್ಲಲಿಲ್ಲ. ನಿಮಗೆ ಜೂಬಾ ಇತ್ತು. ನನಗೆ ದಿನಾ ಬೆಳಿಗ್ಗೆ ಅದೊಂದು ಇತ್ತು. ಅದು ನಕಲು ಎಂದು ಯಾರಾದರೂ ಹೇಳಲಿ, ಅದನ್ನು ಯಾರಾದರೂ ಕಡಿಯಲಿ ಎಂದು ನಾನು ಕಾಯುತ್ತಿದ್ದೆ. ಮೂರು ಗಂಟಿನ ಜಾಲ ಹಾಗೆ ಹೇಳಿತು. ನಾಲ್ಕನೆಯದು ಬೇರೆ ಹೇಳುವುದು ನನಗೆ ಬೇಡವಾಗಿತ್ತು.

ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇದು. ಅವರಿಗೆ ನೀವೇ ಹೇಳಿ. ನನಗೆ ಬಾಯಿ ಬರುವುದಿಲ್ಲ.

ಕಡಿದ ಮರುದಿನ ಬೆಳಿಗ್ಗೆ, ಇನ್ನು ಹಗುರವಾಗುತ್ತದೆ ಎಂದುಕೊಂಡು ಅದೇ ದಾರಿಯಲ್ಲಿ ಹೋದೆ. ಬುಡ ಅಗೆದ ಗುಣಿಯನ್ನು ಇನ್ನೂ ಮುಚ್ಚಿರಲಿಲ್ಲ. ಉದ್ದಗಲದಲ್ಲಿ ಅದು, ಅವಳನ್ನು ಮಲಗಿಸುವಾಗ ನಾವಿಬ್ಬರೂ ನಿಂತು ನೋಡಿದ್ದೆವಲ್ಲ, ಅದರಷ್ಟೇ ಇತ್ತು. ಅಂದಿನಿಂದ ನಾನು ಸುತ್ತುದಾರಿಯಲ್ಲಿ ಆಫೀಸಿಗೆ ಹೋಗುತ್ತೇನೆ.